ಎರಡು ಬಾಗಿಲ ಬಚ್ಚಲಿಗೆ ಒಂದು ಮರದ ಮ್ಯಾಟು

ನಮ್ಮ ಮನೆಯ ಬಚ್ಚಲಿಗೆ ಎರಡು ಬಾಗಿಲು. ಒಂದು ನಮ್ಮ ಕಡೆಗೆ, ಇನ್ನೊಂದು ನನ್ನ ಓರಗಿತ್ತಿಯ ಕಡೆಗೆ. ಸಾಗರದ ಪೇಟೆಯಿಂದ ಸ್ವಲ್ಪ ಆಚೆ ಅಣ್ಣತಮ್ಮ ಇಬ್ಬರೂ ಸೇರಿ ಕಟ್ಟಿಸಿದ ಮನೆ. ಸೈಟು ಚಿಕ್ಕದು. ಒಲೆ ಬೇರೆಯಾದಾಗ ನಡುಮನೆಗೆ ಗೋಡೆ ಎಬ್ಬಿಸಿದರು. ಬಚ್ಚಲಿಗೆ ಗೋಡೆ ಎಬ್ಬಿಸಲು ಜಾಗ ಇರಲಿಲ್ಲ. ಹಾಗಾಗಿ ಸ್ನಾನಕ್ಕೆ ಹೋದವರು ಎದುರು ಬಾಗಿಲಿನ ಚಿಲಕ ಹಾಕಿಕೊಳ್ಳಬೇಕು, ಬರುವಾಗ ನೆನಪಿಟ್ಟು ತೆಗೆದು ಬರಬೇಕು. ಇಪ್ಪತ್ತು ವರ್ಷದಲ್ಲಿ ನಾವಿಬ್ಬರೂ ಆಡಿದ ಜಗಳಗಳಲ್ಲಿ ಅರ್ಧ ಆ ಚಿಲಕದ್ದೇ.

ಓರಗಿತ್ತಿ ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಬಾಯಲ್ಲಿ ಅಕ್ಕ ಅನ್ನುತ್ತೇನೆ. ಮನಸ್ಸಿನಲ್ಲಿ ಏನನ್ನುತ್ತಿದ್ದೆ ಅಂತ ಇಲ್ಲಿ ಬರೆಯುವುದಿಲ್ಲ. ಭಾವ ತೀರಿಕೊಂಡು ವರ್ಷಗಳಾದವು. ಮಕ್ಕಳಿಲ್ಲ. ಅಕ್ಕ ಹೆಣ್ಣುಮಕ್ಕಳ ಹಾಸ್ಟೆಲ್ ಒಂದರಲ್ಲಿ ಅಡುಗೆ ಮಾಡುತ್ತಾರೆ. ನಾನು ಮಾರ್ಕೆಟ್ ಹತ್ತಿರ ಸಣ್ಣ ಅಂಗಡಿ ಇಟ್ಟುಕೊಂಡು ಬ್ಲೌಸು, ಚೂಡಿದಾರ ಹೊಲಿಯುತ್ತೇನೆ. ಇಬ್ಬರೂ ದುಡಿಯುವವರೇ, ಇಬ್ಬರಿಗೂ ಬೆಳಿಗ್ಗೆ ಏಳು ಗಂಟೆಗೇ ಬಚ್ಚಲು ಬೇಕು.

ಮೊದಲು ಬಚ್ಚಲಿಗೆ ಒರಟು ಕಲ್ಲು ಹಾಸಿತ್ತು. ಟೈಲ್ಸ್ ಹಾಕಿಸಬೇಕು, ಶವರ್ ಕೂರಿಸಬೇಕು ಅಂತ ಹಟ ಹಿಡಿದವರು ಅಕ್ಕ. "ಹಾಸ್ಟೆಲ್ ಹುಡುಗೀರ ಬಚ್ಚಲೇ ನಮ್ಮದಕ್ಕಿಂತ ಚೊಲೋ ಇದೆ," ಅಂದರು. ನನ್ನ ಗಂಡ ಅತ್ತಿಗೆಯ ಮಾತು ಮೀರುವವರಲ್ಲ. ಬಿಳಿ ಟೈಲ್ಸು ಬಂತು, ಮುಖ ಕಾಣುವಷ್ಟು ನುಣುಪಾದದ್ದು. ಹಾಕಿದ ದಿನವೇ ನಾನು ಹೇಳಿದ್ದೆ, ಇದರ ಮೇಲೆ ಯಾರಾದರೂ ಬೀಳುತ್ತಾರೆ ಅಂತ. ಬಿದ್ದವಳು ನಾನೇ.

ಅದೊಂದು ಶನಿವಾರ. ಅಕ್ಕ ಎಣ್ಣೆ ಸ್ನಾನ ಮಾಡಿ ಹೋಗಿದ್ದರು. ಸೀಗೆಕಾಯಿ ವಾಸನೆ ಇನ್ನೂ ಇತ್ತು. ಅವರ ಕಡೆಯ ಚಿಲಕ ಹಾಕಿ ಶವರ್ ಕೆಳಗೆ ಕಾಲಿಟ್ಟೆ, ಅಷ್ಟೆ. ಬಲಗೈ ಊರಿ ಬಿದ್ದೆ. ಮಣಿಕಟ್ಟಿನಲ್ಲಿ ಲಟಕ್ ಅಂದದ್ದು ನನಗೇ ಕೇಳಿಸಿತು.

ಸದ್ದಿಗೆ ಅಕ್ಕ ಆಚೆಯಿಂದ ಬಾಗಿಲು ಬಡಿದರು. "ಎಂತ ಬಿತ್ತು?"

"ನಾನು ಬಿದ್ದೆ."

"ಚಿಲಕ ತೆಗಿ."

"ಏಳೋಕಾಗ್ತಿಲ್ಲ."

"ಹಂಗಾರೆ ಚಿಲಕ ಯಾಕೆ ಹಾಕ್ಕೊಂಡೆ?"

ನೋವಿನಲ್ಲೂ ಆ ಪ್ರಶ್ನೆ ನನ್ನ ಕಿವಿಯಲ್ಲಿ ನಿಂತುಬಿಟ್ಟಿತು. ನನ್ನ ಗಂಡ ಈ ಕಡೆಯ ಬಾಗಿಲು ಒದ್ದು ಚಿಲಕ ಕಿತ್ತು ಒಳಗೆ ಬಂದರು, ಸೀರೆ ಸುತ್ತಿ ಎಬ್ಬಿಸಿದರು. ಹೊರಗೆ ಅಕ್ಕ ತಲೆಗೆ ಟವೆಲ್ ಕಟ್ಟಿಕೊಂಡು ನಿಂತಿದ್ದರು. ನನ್ನ ಕೈ ಜೋತು ಬಿದ್ದದ್ದು ನೋಡಿ ಅಯ್ಯೋ ಅನ್ನಲಿಲ್ಲ. "ನೋಡ್ಕಂಡು ಕಾಲಿಡ್ಬೇಕಪ್ಪ. ಬಚ್ಚಲು ಅಂದ್ಮೇಲೆ ಜಾರದೆ ಇರುತ್ತಾ?" ಅಂದರು.

"ಎಣ್ಣೆ ತೊಳೆದು ಹೋಗಿದ್ರೆ ಜಾರ್ತಿರಲಿಲ್ಲ," ಅಂದೆ.

"ನಾನು ತೊಳ್ದೇ ಬಂದಿದ್ದು."

ಅವರು ತೊಳೆದಿರಲಿಲ್ಲ. ಇವತ್ತಿಗೂ ನಾನು ಅದನ್ನೇ ಹೇಳುತ್ತೇನೆ.

ಆರು ವಾರ ಕೈಗೆ ಪ್ಲಾಸ್ಟರು. ಮದುವೆಯ ಕಾಲ. ಹೊಲಿಗೆಗೆ ಕೊಟ್ಟಿದ್ದ ಬಟ್ಟೆಗಳನ್ನೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿ ವಾಪಸು ಕೊಟ್ಟೆ. ಎದುರು ಸಾಲಿನ ಟೈಲರ್ ಹತ್ತಿರ ಅವರೆಲ್ಲ ಹೋಗುವುದನ್ನು ಅಂಗಡಿಯಲ್ಲಿ ಸುಮ್ಮನೆ ಕುಳಿತು ನೋಡಿದೆ. ಹದಿನೆಂಟು ವರ್ಷದಿಂದ ನನ್ನ ಹತ್ತಿರವೇ ಹೊಲಿಸುತ್ತಿದ್ದವರೂ ಹೋದರು. ಅವರ ತಪ್ಪಿಲ್ಲ, ಮದುವೆ ಕಾಯುತ್ತದೆಯೇ? ಆದರೆ ಪ್ರತಿ ಸಲ ಒಬ್ಬರು ಚೀಲ ಹಿಡಿದು ಹೊರಟಾಗಲೂ ನನಗೆ ಅಕ್ಕನ ತಲೆಯ ಟವೆಲ್ ಕಣ್ಣೆದುರು ಬರುತ್ತಿತ್ತು.

ಪ್ಲಾಸ್ಟರ್ ತೆಗೆದ ಡಾಕ್ಟರು ಹೇಳಿದರು: "ಬಚ್ಚಲಿಗೆ ಎಂತದಾದ್ರೂ ಹಾಸಿ. ಇನ್ನೊಂದ್ಸಲ ಬಿದ್ರೆ ಈ ಕೈಯಲ್ಲಿ ಕತ್ತರಿ ಹಿಡಿಯೋದು ಮರ್ತುಬಿಡಿ."

ಅವತ್ತೇ ಪೇಟೆಯಿಂದ ರಬ್ಬರ್ ಮ್ಯಾಟು ತಂದೆ. ಅಡಿಯಲ್ಲಿ ಸಣ್ಣ ಸಣ್ಣ ಬಟ್ಟಲು ಇರುತ್ತದಲ್ಲ, ನೆಲಕ್ಕೆ ಕಚ್ಚಿ ಹಿಡಿಯುವಂಥದು. ಹದಿನೈದು ದಿನದಲ್ಲಿ ಅದರ ಅಡಿಗೆ ಲೋಳೆ ಕಟ್ಟಿತು. ಕೂದಲು, ಸೋಪಿನ ಜಿಡ್ಡು, ಕಪ್ಪು ಪಾಚಿ. ಎತ್ತಿದರೆ ವಾಂತಿ ಬರುವ ವಾಸನೆ. ಅದನ್ನು ಯಾರು ತೊಳೆಯಬೇಕು ಅಂತ ಜಗಳ.

"ನೀನು ತಂದಿದ್ದು, ನೀನು ತೊಳಿ," ಅಂದರು ಅಕ್ಕ.

"ನಿಮ್ಮ ಕಾಲೂ ಅದ್ರ ಮೇಲೇ ಇರುತ್ತಲ್ಲ."

"ನಾನು ಇಡಲ್ಲ. ಬದೀಗೆ ಸರ್ಸಿ ಸ್ನಾನ ಮಾಡ್ತೀನಿ." ಆಮೇಲೆ ಹೋಗುತ್ತ ಹೋಗುತ್ತ ಅಂದರು: "ನಮ್ಮಣ್ಣಂಗೆ ಒಂದು ಮಾತು ಹೇಳಿದ್ರೆ ಮರದ್ದು ಮಾಡ್ಕೊಡ್ತಾರೆ. ನೂರು ವರ್ಷ ಬಾಳುತ್ತೆ. ಆದ್ರೆ ನಿಂಗೆ ಪೇಟೆದೇ ಆಗ್ಬೇಕು."

ಅಕ್ಕನ ಅಣ್ಣ ಮರಗೆಲಸದವರು. ಹೊಸನಗರದಿಂದ ಆಚೆ ಒಂದು ಊರಿನಲ್ಲಿ ಮನೆ. ಅವರದೂ ನಮ್ಮ ಹಾಗೆ ಗೇಣಿ ಗದ್ದೆ ಮಾಡಿಕೊಂಡು ಬಂದು ಆಮೇಲೆ ಆ ಗದ್ದೆ ಸ್ವಂತದ್ದಾದ ಕುಟುಂಬ. ಗದ್ದೆ ಸಾಲದ್ದಕ್ಕೆ ಹಿರಿಮಗ ಮರಗೆಲಸ ಕಲಿತರಂತೆ. ಆ ಅಣ್ಣನ ಹೊಗಳಿಕೆ ನಾನು ಮದುವೆಯಾಗಿ ಬಂದ ವಾರದಿಂದ ಕೇಳಿದ್ದೇನೆ. ಅಣ್ಣ ಮಾಡಿದ ಬಾಗಿಲು, ಅಣ್ಣ ಮಾಡಿದ ತೊಟ್ಟಿಲು, ಅಣ್ಣನ ಮನೆಯಲ್ಲಿ ಹಬ್ಬಕ್ಕೆ ಮಾಡುವ ಕಡುಬು. ಪ್ರತಿ ದೀಪಾವಳಿಗೆ ಅಕ್ಕ ಬ್ಯಾಗು ಹಿಡಿದು ತವರಿಗೆ ಹೋಗುತ್ತಿದ್ದರು, ಮೂರು ದಿನ ಬಿಟ್ಟು ಬರುತ್ತಿದ್ದರು. ಬಂದ ಮೇಲೆ ಒಂದು ವಾರ ಅದೇ ಮಾತು. ನನಗೆ ಅಪ್ಪ ಅಮ್ಮ ಇಬ್ಬರೂ ಇಲ್ಲ, ಅಣ್ಣತಮ್ಮಂದಿರೂ ಇಲ್ಲ. ತವರು ಅಂತ ಹೋಗಲಿಕ್ಕೆ ಜಾಗವಿಲ್ಲ. ಅದು ಗೊತ್ತಿದ್ದೇ ಅವರು ಹೇಳುತ್ತಿದ್ದರು ಅಂತ ನನ್ನ ಲೆಕ್ಕ.

ಮರದ್ದು ಒಳ್ಳೆಯದು ಅನ್ನುವುದು ನಿಜ ಅನ್ನಿಸಿತು. ಆದರೆ ಅವರ ಅಣ್ಣನದು ಬೇಡ. ನನ್ನ ಗಂಡ ಫೋನಿನಲ್ಲಿ ಹುಡುಕಿ ಒಂದು ತರಿಸಿದರು. ಫೋಟೋದಲ್ಲಿ ಸಾಗುವಾನಿ ಅಂತ ಇತ್ತು, ಬಂದದ್ದು ಬಿದಿರಿನ ಪಟ್ಟಿ. ಕಬ್ಬಿಣದ ಮೊಳೆ ಹೊಡೆದಿದ್ದರು. ತಿಂಗಳಲ್ಲಿ ಮೊಳೆ ತುಕ್ಕು ಹಿಡಿದು ಬಿಳಿ ಟೈಲ್ಸಿನ ಮೇಲೆ ಕೆಂಪು ಕಲೆ. ಒಂದು ಪಟ್ಟಿ ಸೀಳಿ ಅಕ್ಕನ ಹಿಮ್ಮಡಿಗೆ ಚುಚ್ಚಿತು. ಅವತ್ತು ಅವರು ಕೂಗಾಡಿದ್ದು ನೋಡಬೇಕಿತ್ತು. ನನಗೆ ಒಳಗೊಳಗೇ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ?

ಆಮೇಲೆ ನಮ್ಮೂರಿನ ಬಡಗಿಗಳ ಹತ್ತಿರ ಹೋದೆ. ಸಾಗರದಲ್ಲಿ ಮರ ಕೆತ್ತುವ ಕೈಗಳಿಗೆ ಕೊರತೆಯಿಲ್ಲ. ಆದರೆ ಗಂಧದ ಪೆಟ್ಟಿಗೆ, ದೇವರ ಮಂಟಪ ಮಾಡುವವರಿಗೆ ಬಚ್ಚಲಿಗೆ ಹಾಸುವ ಹಲಗೆ ಅಂದರೆ ಅವಮಾನ. ಒಬ್ಬರು ಮುಖ ನೋಡದೆ ಇಲ್ಲ ಅಂದರು. ಇನ್ನೊಬ್ಬರು ಬಾಗಿಲು ಕಿಟಕಿ ಮಾಡುವವರು, ಒಪ್ಪಿಕೊಂಡರು. ಸಾಗುವಾನಿಯದೇ ಅಂತ ಮೂರು ಸಲ ಹೇಳಿದರು. ನೋಡಲಿಕ್ಕೆ ಚೆಂದ ಇತ್ತು, ಪಾಲಿಶ್ ಮಿಂಚುತ್ತಿತ್ತು. ಮಳೆಗಾಲ ಹಿಡಿದು ಎರಡು ತಿಂಗಳಿಗೆ ಪಾಲಿಶ್ ಬೆಳ್ಳಗಾಗಿ ಸಿಪ್ಪೆ ಎದ್ದಿತು, ಪಟ್ಟಿಗಳು ಸೊಟ್ಟಗಾಗಿ ಒಂದು ಮೂಲೆ ನೆಲ ಬಿಟ್ಟು ಮೇಲೆ ನಿಂತಿತು. ಕಾಲಿಟ್ಟರೆ ಟಕ್ ಟಕ್. ಮಧ್ಯದಲ್ಲಿ ಉಗುರಿನಿಂದ ಕೆರೆದರೆ ಮರ ಪುಡಿಯಾಗಿ ಬರುತ್ತಿತ್ತು. ಅದನ್ನು ಚೀಲದಲ್ಲಿ ಹಾಕಿಕೊಂಡು ಅವರ ಅಂಗಡಿಗೆ ಹೋಗಿ ಬೆಂಚಿನ ಮೇಲೆ ಇಟ್ಟೆ.

"ಇದು ಅಕೇಶಿಯಾ," ಅಂದೆ. ನಮ್ಮೂರ ಸುತ್ತ ಗುಡ್ಡದ ತುಂಬ ನೆಟ್ಟಿದ್ದಾರಲ್ಲ ಆ ಮರ.

ಅವರು ನೋಡಿದರು. "ನೀರಿಗೆ ಹಾಕಿದ್ರೆ ಯಾವ ಮರ ಆದ್ರೂ ಕೊಳೀತದೆ ಅಮ್ಮ."

"ದೋಣಿ ಯಾವ್ದ್ರಲ್ಲಿ ಮಾಡ್ತಾರೆ? ಸಿಮೆಂಟಲ್ಲಾ?"

"ದೋಣಿ ಬೇಕಿದ್ರೆ ದೋಣಿ ಮಾಡೋರ ಹತ್ರ ಹೋಗಿ," ಅಂದರು. ಅಂಗಡಿಯಲ್ಲಿದ್ದ ಗಿರಾಕಿಗಳು ನಕ್ಕರು. ನಾನು ಆ ಕೊಳೆತ ಹಲಗೆಯನ್ನು ಅಲ್ಲೇ ಬಿಟ್ಟು ಬಂದೆ. ಮೂರು ದಿನ ಅದು ಅವರ ಅಂಗಡಿಯ ಎದುರು ಚರಂಡಿಯ ಬದಿಯಲ್ಲಿ ಬಿದ್ದಿತ್ತು. ಹೋಗುತ್ತ ಬರುತ್ತ ನೋಡುತ್ತಿದ್ದೆ.

ನನ್ನ ಗಿರಾಕಿ ಒಬ್ಬರು ಬ್ಯಾಕೋಡಿನ ಕಡೆಯವರು. ಹಿನ್ನೀರಿನ ದಡದಲ್ಲೇ ಹುಟ್ಟಿ ಬೆಳೆದ ಹೆಂಗಸು. ಬ್ಲೌಸ್ ಅಳತೆ ಕೊಡುತ್ತ ನನ್ನ ಪುರಾಣ ಕೇಳಿ ಅಂದರು: "ದೋಣಿಗೆ ಹೆಬ್ಬಲಸು ಹಾಕ್ತಿದ್ರು ಕಣ್ರೀ. ನಮ್ಮಪ್ಪಂದು ಒಂದಿತ್ತು, ನಾನು ಹುಟ್ಟೋಕೆ ಮುಂಚಿಂದು. ಈಗ ಆ ಮರ ಎಲ್ಲಿ ಸಿಗುತ್ತೆ? ತೀರ್ಥಳ್ಳಿ ಕಡೆ ಮಿಲ್ಲಲ್ಲಿ ಕೇಳಿ ನೋಡಿ."

ಒಂದು ಮಂಗಳವಾರ ಅಂಗಡಿಗೆ ಬೀಗ ಹಾಕಿ ರಿಪ್ಪನ್‌ಪೇಟೆ ಮೇಲೆ ತೀರ್ಥಹಳ್ಳಿ ಬಸ್ಸು ಹತ್ತಿದೆ. ಅಲ್ಲಿ ಊರ ಹೊರಗೆ ಒಂದು ಮರದ ಮಿಲ್ಲು. ಒಳಗೆ ಗರಗಸದ ಸದ್ದಿಗೆ ಯಾರು ಏನು ಹೇಳಿದರೂ ಕೇಳುವುದಿಲ್ಲ. ಯಜಮಾನರು ಮೇಜಿನ ಹಿಂದೆ ಕೂತು ಫೋನು ನೋಡುತ್ತಿದ್ದರು. ನಾನು ಅಳತೆ ಬರೆದ ಚೀಟಿ ಕೊಟ್ಟೆ. ಅವರು ಓದಿ, "ಎಂತಕ್ಕೆ ಇದು?" ಅಂದರು.

"ಬಚ್ಚಲಿಗೆ."

"ಬಚ್ಚಲಿಗೆ ಹೆಬ್ಬಲಸಾ!" ಅಂತ ಅಲ್ಲಿದ್ದ ಇನ್ನಿಬ್ಬರಿಗೆ ಕೇಳುವ ಹಾಗೆ ಜೋರಾಗಿ ಅಂದರು. "ನಾವು ಲಾರಿ ಲೆಕ್ಕದಲ್ಲಿ ಮಾರೋರು ಅಮ್ಮ. ಒಂದು ಮಣೆಗೆ ಆಗುವಷ್ಟು ಮರ ಕೇಳ್ಕೊಂಡು ಸಾಗರದಿಂದ ಬಂದ್ರಾ?"

"ಬಂದೆ. ಇಲ್ಲ ಅಂತಾದ್ರೆ ಇಲ್ಲ ಅನ್ನಿ. ನಗೋದು ಯಾಕೆ?"

ಅವರು ನಗು ನಿಲ್ಲಿಸಿದರು. ಇನ್ನೂ ಕೆಟ್ಟದಾಗಿ ಏನೋ ಹೇಳುವವರಿದ್ದರು ಅನ್ನಿಸುತ್ತದೆ. ಅಷ್ಟರಲ್ಲಿ ಮರ ಅಳೆಯುತ್ತಿದ್ದ ವಯಸ್ಸಾದ ಕೆಲಸಗಾರ ಒಬ್ಬರು ನನ್ನನ್ನು ಹೊರಗೆ ಕರೆದು ಹೇಳಿದರು: "ಹೊಸ ಮರ ಬೇಡ. ಹಳೇ ಮನೆ ಕೆಡವಿದಾಗ ಸಿಗೋ ಪಕಾಸು, ತೊಲೆ ಇರುತ್ತಲ್ಲ, ಮಾಡು ಹೊತ್ತು ಒಣಗಿದ್ದು, ಅದಕ್ಕೆ ನೀರು ಎಂತದೂ ಮಾಡಲ್ಲ. ಹೊಸನಗರದ ಆಚೆ ಒಬ್ರು ಅಂಥದ್ದೇ ಕೆಲಸ ಮಾಡ್ತಾರೆ." ಊರಿನ ಹೆಸರು ಹೇಳಿದರು.

ಅಕ್ಕನ ತವರು ಅದು. ಆ ಊರಿನಲ್ಲಿ ಮರಗೆಲಸದವರು ಇನ್ಯಾರೂ ಇಲ್ಲ ಅಂತ ಅಕ್ಕನೇ ನೂರು ಸಲ ಹೇಳಿದ್ದಾರೆ.

ಬಸ್‌ಸ್ಟ್ಯಾಂಡಿನಲ್ಲಿ ಕೂತು ಒಂದು ಗಂಟೆ ಯೋಚನೆ ಮಾಡಿದೆ. ಅಲ್ಲಿಗೆ ಹೋದರೆ ನಾನು ಸೋತ ಹಾಗೆ ಅಂತ ಮೊದಲು ಅನ್ನಿಸಿತು. ಆಮೇಲೆ ಇನ್ನೊಂದು ಯೋಚನೆ ಬಂತು. ಅವರ ಅಣ್ಣನೇ ಮಾಡಿದ್ದನ್ನು ತಂದು ಹಾಸಿ, ಅವರು ಹೀಗಳೆಯುವವರೆಗೂ ಕಾದು, ಆಮೇಲೆ ಹೇಳಿದರೆ? ಅವರ ಮುಖ ಹೇಗಾಗುತ್ತದೆ ನೋಡಬೇಕು. ಆ ಮುಖ ನೋಡುವ ಆಸೆಗೆ ನಾನು ಹೊಸನಗರದ ಬಸ್ಸು ಹತ್ತಿದೆ. ಹಲಗೆಯ ಆಸೆ ಅಷ್ಟು ಹೊತ್ತಿಗೆ ಎರಡನೆಯದಾಗಿತ್ತು.

ರಸ್ತೆ ಬದಿಯಲ್ಲೇ ತಗಡಿನ ಶೆಡ್ಡು. ಒಳಗೆ ಅರವತ್ತು ದಾಟಿದ ಒಬ್ಬರು ತೊಲೆಯೊಂದರಿಂದ ಹಳೇ ಮೊಳೆ ಕೀಳುತ್ತಿದ್ದರು. ಅಕ್ಕನದೇ ಮೂಗು, ಅಕ್ಕನದೇ ಹಣೆ. ನನ್ನ ಮದುವೆಯಲ್ಲಿ ನೋಡಿದ್ದು ಬಿಟ್ಟರೆ ಅವರನ್ನು ಮತ್ತೆ ನೋಡಿರಲಿಲ್ಲ. ಭಾವ ತೀರಿಕೊಂಡಾಗಲೂ ಅವರು ಬರಲಿಲ್ಲ. ಮೈ ಹುಷಾರಿಲ್ಲ ಅಂತ ಅಕ್ಕ ಹೇಳಿದ್ದರು, ನಾವು ನಂಬಿದ್ದೆವು.

ನಾನು ಯಾರು ಅಂತ ಹೇಳಿದೆ. ಅವರ ಕೈಯಲ್ಲಿದ್ದ ಇಕ್ಕಳ ಹಾಗೇ ನಿಂತಿತು.

"ಅವಳು ಕಳ್ಸಿದ್ದಾ?" ಅಂದರು.

"ಇಲ್ಲ. ಅವರಿಗೆ ಗೊತ್ತಿಲ್ಲ."

"ಹುಷಾರಿದಾಳಾ?"

ಇದೆಂಥ ಪ್ರಶ್ನೆ ಅನ್ನಿಸಿತು ನನಗೆ. "ದೀಪಾವಳಿಗೆ ನೋಡಿದ್ರಲ್ಲ ನೀವೇ," ಅಂದೆ.

"ಯಾರನ್ನ?"

ಶೆಡ್ಡಿನ ಹಿಂದೆಯೇ ಮನೆ. ಅಲ್ಲಿಂದ ಅವರ ಹೆಂಡತಿ ನೀರಿನ ಚೊಂಬು ಹಿಡಿದು ಬರುತ್ತಿದ್ದವರು ಈ ಮಾತು ಕೇಳಿ ಚೊಂಬನ್ನು ಕಟ್ಟೆಯ ಮೇಲೆ ಇಟ್ಟರು. ನನ್ನ ಕೈಗೆ ಕೊಡಲಿಲ್ಲ. "ಅವ್ಳು ಈ ಅಂಗಳಕ್ಕೆ ಕಾಲಿಡ್ದೆ ಒಂಬತ್ತು ವರ್ಷ ಆತು. ಅತ್ತೆ ಸತ್ತಾಗ ಬಂದೋಳು, ನಮ್ಮ ಮುಖಕ್ಕೆ ಮಣ್ಣು ತೂರಿ ಹೋದೋಳು. ಯಾವ ದೀಪಾವಳಿ ನೀವು ಹೇಳೋದು?"

ಅಣ್ಣ ಹೆಂಡತಿಗೆ ಸುಮ್ಮನಿರು ಅಂದರು. ಅವರು ಸುಮ್ಮನಾಗಲಿಲ್ಲ. ಹೇಳಿಯೇ ಬಿಟ್ಟರು. ತಾಯಿಗೆ ಕಾಯಿಲೆ ಜೋರಾದಾಗ ಅಕ್ಕನಿಗೆ ಸುದ್ದಿ ಕಳಿಸಿರಲಿಲ್ಲ. ಸತ್ತ ಮೇಲೂ ಮಧ್ಯಾಹ್ನದವರೆಗೆ ಹೇಳಿರಲಿಲ್ಲ. ಅಕ್ಕ ಬಂದು ಮುಟ್ಟುವಾಗ ಚಿತೆ ಉರಿದು ಮುಗಿದಿತ್ತು. ಯಾಕೆ ಹೇಳಲಿಲ್ಲ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಣ್ಣ ಆ ಹೊತ್ತೆಲ್ಲ ತೊಲೆಯ ಮೇಲಿನ ಧೂಳನ್ನು ಅಂಗೈಯಿಂದ ಒರೆಸುತ್ತ ನಿಂತಿದ್ದರು.

ಕೊನೆಗೆ ಅವರು ನನ್ನ ಚೀಟಿ ತೆಗೆದುಕೊಂಡರು. "ಹೆಬ್ಬಲಸಿನ ಪಕಾಸು ಇದೆ. ಹದಿನೈದು ದಿನ ಬಿಟ್ಟು ಬನ್ನಿ."

ಹದಿನೈದು ದಿನಕ್ಕೆ ಸರಿಯಾಗಿ ಹೋದೆ. ಮಾಡಿ ಇಟ್ಟಿದ್ದರು. ಅಂಥ ಕೆಲಸ ನಾನು ನೋಡಿರಲಿಲ್ಲ ಅಂತ ಒಪ್ಪಿಕೊಳ್ಳಲೇಬೇಕು. ಎರಡು ಬೆರಳಗಲದ ಒಂಬತ್ತು ಪಟ್ಟಿ, ನಡುವೆ ಕಿರುಬೆರಳಷ್ಟು ಸಂದು, ಅಡಿಯಲ್ಲಿ ಮೂರು ಅಡ್ಡಪಟ್ಟಿ, ನೀರು ಹರಿದು ಹೋಗುವ ಹಾಗೆ ಅವುಗಳಲ್ಲಿ ಕಚ್ಚು. ಕಬ್ಬಿಣ ಒಂದು ಚೂರೂ ಇಲ್ಲ, ಎಲ್ಲ ಮರದ ಬೆಣೆ. ಅಂಚುಗಳನ್ನು ಹಸುಗೂಸಿನ ಕಾಲಿಗೂ ತಾಗದ ಹಾಗೆ ಉರುಟು ಮಾಡಿದ್ದರು. ಆದರೆ ಮೇಲ್ಮೈ ಮಾತ್ರ ನುಣುಪಲ್ಲ. ಉಳಿಯಿಂದ ಸಣ್ಣಗೆ ಒರಟು ಬಿಟ್ಟಿದ್ದರು, ಕಾಲು ಹಿಡಿಯಲಿ ಅಂತ.

"ಎಣ್ಣೆ, ಪಾಲಿಶ್ ಎಂತದೂ ಹಚ್ಬೇಡಿ. ಸ್ನಾನ ಆದ್ಮೇಲೆ ಎತ್ತಿ ಗೋಡೆಗೆ ಒರಗಿಸಿ ಇಡಿ, ಅಷ್ಟೇ ಸಾಕು," ಅಂದರು. ಹೊರಡುವಾಗ ಬಸ್ಸಿನವರೆಗೆ ತಾವೇ ಹೊತ್ತು ತಂದರು. "ಒಂದು ಮಾತು. ನಾನು ಮಾಡಿದ್ದು ಅಂತ ಹೇಳ್ಬೇಡಿ ಅವ್ಳಿಗೆ. ಹೇಳಿದ್ರೆ ಅದ್ರ ಮೇಲೆ ಕಾಲಿಡಲ್ಲ. ಕಾಲಿಡ್ಲಿ."

"ಹೇಳಲ್ಲ," ಅಂದೆ. ಹೇಳುವಾಗ ನಿಜವಾಗಿಯೂ ಹೇಳಬಾರದು ಅಂತಲೇ ಇತ್ತು.

ಮ್ಯಾಟು ಹಾಸಿದ ಮೇಲೆ ಇಡೀ ಒಂದು ವಾರ ಬಚ್ಚಲಲ್ಲಿ ಜಗಳವಿರಲಿಲ್ಲ. ಅಕ್ಕ ಅದರ ಮೇಲೆ ನಿಂತೇ ಸ್ನಾನ ಮಾಡುತ್ತಿದ್ದರು. ಒದ್ದೆ ಹೆಜ್ಜೆಯ ಗುರುತು ನಾನು ನೋಡಿದ್ದೇನೆ. ನನ್ನ ಮನಸ್ಸಿನಲ್ಲಿ ಮಾತ್ರ ಆ ಒಂಬತ್ತು ವರ್ಷ ಕೂತಿತ್ತು. ಅವರನ್ನು ನೋಡಿದಾಗೆಲ್ಲ ಲೆಕ್ಕ ಹಾಕುತ್ತಿದ್ದೆ: ಆ ವರ್ಷ ಕಡುಬಿನ ಸುದ್ದಿ ಹೇಳಿದ್ದು ಸುಳ್ಳು, ಈ ವರ್ಷ ಅತ್ತಿಗೆ ಕೊಟ್ಟ ಸೀರೆ ಅಂತ ತೋರಿಸಿದ್ದು ಸುಳ್ಳು. ನನಗೆ ತವರಿಲ್ಲ ಅಂತ ಚುಚ್ಚಿದ ಬಾಯಿ ಇದು. ಒಬ್ಬರ ಗುಟ್ಟು ಕೈಗೆ ಸಿಕ್ಕರೆ ಅದು ಸುಮ್ಮನೆ ಇರಗೊಡುವುದಿಲ್ಲ.

ಒಂದು ಭಾನುವಾರ ಬೆಳಿಗ್ಗೆ ನಾನು ಹಲಗೆ ಎತ್ತಿ ಗೋಡೆಗೆ ಒರಗಿಸುವುದು ಮರೆತಿದ್ದೆ. ಅಕ್ಕ ತಮ್ಮ ಕಡೆಯ ಬಾಗಿಲಲ್ಲಿ ನಿಂತು ಕಾಲಿನಿಂದ ಅದನ್ನು ದೂಡಿದರು.

"ಇದನ್ನ ಎತ್ತಿಡೋಕೂ ಆಗಲ್ವಾ? ಯಾವ್ನೋ ದಾರಿಯಲ್ಲಿ ಹೋಗೋನ ಹತ್ರ ಮಾಡ್ಸಿದೀಯ, ಮೇಲೆಲ್ಲ ತರಿತರಿ. ನಮ್ಮಣ್ಣ ನೋಡಿದ್ರೆ ಬಿದ್ದು ಬಿದ್ದು ನಗ್ತಾರೆ."

ನಾನು ಕಾಯುತ್ತಿದ್ದ ಮಾತು ಅದು. ಕೊಟ್ಟ ಮಾತು ನೆನಪಿಗೆ ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬಂತು. ಬಂದರೂ ಹೇಳಿದೆ.

"ನಿಮ್ಮಣ್ಣನೇ ಮಾಡಿದ್ದು ಅದು. ನಾನೇ ಹೋಗಿ ಮಾಡ್ಸಿ ತಂದೆ. ಒಂಬತ್ತು ವರ್ಷದಿಂದ ಆ ಮನೆ ಮೆಟ್ಲು ಹತ್ತಿಲ್ವಂತೆ ನೀವು. ದೀಪಾವಳಿಗೆ ಮೂರು ಮೂರು ದಿನ ಎಲ್ಲಿಗೆ ಹೋಗ್ತಿದ್ರಿ ಅಕ್ಕ?"

ನನ್ನ ಗಂಡ ಅಡುಗೆಮನೆಯಿಂದ ಬಂದು ನನ್ನ ಹಿಂದೆ ನಿಂತಿದ್ದರು. ಅವರೂ ಕೇಳಿಸಿಕೊಂಡರು.

ಅಕ್ಕ ಕೂಗಲಿಲ್ಲ. ನಾನು ನೋಡಬೇಕು ಅಂದುಕೊಂಡಿದ್ದ ಮುಖ ಅದಾಗಿರಲಿಲ್ಲ. ಸೋತ ಮುಖ, ಸಿಟ್ಟಿನ ಮುಖ ಅಂತ ಏನೇನೋ ಅಂದುಕೊಂಡಿದ್ದೆ. ಅಲ್ಲಿ ಏನೂ ಇರಲಿಲ್ಲ. ಅವರು ನಿಧಾನಕ್ಕೆ ಕುಕ್ಕರುಗಾಲಲ್ಲಿ ಕೂತರು, ಹಲಗೆಯನ್ನು ಮಗುಚಿದರು, ಬೆಣೆ ಹೊಡೆದ ಜಾಗವನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಮೂಲೆಯ ಉರುಟಿನ ಮೇಲೆ ಹೆಬ್ಬೆರಳು ಆಡಿಸಿದರು.

"ವರದಳ್ಳಿಗೆ ಹೋಗ್ತಿದ್ದೆ," ಅಂದರು. "ಆಶ್ರಮದಲ್ಲಿ ಬಂದೋರಿಗೆಲ್ಲ ಊಟ ಹಾಕ್ತಾರೆ, ಮಲ್ಗೋಕೆ ಜಾಗ ಕೊಡ್ತಾರೆ. ಯಾರೂ ಯಾವೂರು ಅಂತ ಕೇಳಲ್ಲ."

ಇಲ್ಲಿಂದ ವರದಹಳ್ಳಿ ಏನು ದೂರ? ಹತ್ತು ಕಿಲೋಮೀಟರೂ ಇಲ್ಲ. ನಾವು ಮನೆ ಎದುರು ಹಣತೆ ಹಚ್ಚುವಾಗ ಅವರು ಅಷ್ಟು ಹತ್ತಿರದಲ್ಲೇ ಯಾತ್ರಿಕರ ನಡುವೆ ಚಾಪೆ ಹಾಸಿ ಕೂತಿರುತ್ತಿದ್ದರು. ವಾಪಸು ಬರುವಾಗ ಪೇಟೆಯಲ್ಲಿ ತಮಗೆ ತಾವೇ ಸೀರೆ ತೆಗೆದುಕೊಂಡು ಬರುತ್ತಿದ್ದರು.

ಹಲಗೆಯನ್ನು ಗೋಡೆಗೆ ಒರಗಿಸಿ ಎದ್ದು, ಅವರು ತಮ್ಮ ಕಡೆಯ ಬಾಗಿಲು ಹಾಕಿಕೊಂಡರು. ಆ ಬಾಗಿಲಿಗೆ ಅವರ ಮನೆಯ ಒಳಗಿನಿಂದಲೂ ಒಂದು ಚಿಲಕ ಇತ್ತು. ಅದನ್ನು ಅವರು ಹಾಕಿದ್ದು ನಾನು ಅವತ್ತೇ ಮೊದಲು ಕೇಳಿದ್ದು.

"ಅವರು ಒಂದು ಸುಳ್ಳು ಹೇಳ್ಕಂಡು ಬದುಕ್ತಿದ್ರು," ಅಂದರು ನನ್ನ ಗಂಡ. "ನಿಂಗೆ ಎಂತ ನಷ್ಟ ಆಗ್ತಿತ್ತು?"

"ನನ್ನ ಕೈ ಮುರೀತಲ್ಲ, ಅದು ನಷ್ಟ ಅಲ್ವಾ?" ಅಂದೆ. ಅವರು ಅಡುಗೆಮನೆಗೆ ವಾಪಸು ಹೋದರು. ಉತ್ತರ ಕೊಡುವಂಥ ಮಾತೂ ಅದಲ್ಲ.

ಅವತ್ತಿನಿಂದ ಅಕ್ಕ ಆ ಬಚ್ಚಲಿಗೆ ಬರಲಿಲ್ಲ. ಹಾಸ್ಟೆಲಿನಲ್ಲೇ ಸ್ನಾನ ಮುಗಿಸಿ ಬರುತ್ತಿದ್ದರು. ರಜೆಯ ದಿನ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ತಗಡು ಅಡ್ಡ ಇಟ್ಟುಕೊಂಡು ಕೊಡದಲ್ಲಿ ನೀರು ಹೊಯ್ದುಕೊಳ್ಳುತ್ತಿದ್ದರು. ನನ್ನ ಗಂಡ ಹೋಗಿ ಕರೆದರು, ನಾನೂ ಒಂದು ಸಲ ಕರೆದೆ. "ಬಚ್ಚಲು ನಿಮ್ದೂ ಹೌದು, ಬನ್ನಿ" ಅಂತ ಬಾಗಿಲಲ್ಲಿ ನಿಂತು ಅಂದೆ. ಕ್ಷಮೆ ಅನ್ನುವ ಪದ ಬಾಯಿಗೆ ಬರಲಿಲ್ಲ. ಇಪ್ಪತ್ತು ವರ್ಷ ಬೈದ ಬಾಯಿ, ಬೇರೆ ಮಾತಿಗೆ ಹೊರಳಲಿಲ್ಲ. ಅವರು ಅಕ್ಕಿ ಆರಿಸುತ್ತ ಕೂತಿದ್ದರು, ತಲೆ ಎತ್ತಲಿಲ್ಲ.

ಎರಡು ತಿಂಗಳು ಕಳೆದ ಮೇಲೆ ಅವರ ಅಣ್ಣ ಬಂದರು. ನನ್ನ ಗಂಡನೇ ಫೋನ್ ನಂಬರು ಹುಡುಕಿ ಮಾತಾಡಿದ್ದರಂತೆ, ನನಗೆ ಹೇಳಿರಲಿಲ್ಲ. ಮಧ್ಯಾಹ್ನದ ಹೊತ್ತು. ಕೈಯಲ್ಲಿ ಬಾಳೆಹಣ್ಣಿನ ಚೀಲ. ನಾನು ಊಟಕ್ಕೆ ಮನೆಗೆ ಬಂದಿದ್ದೆ, ಕಿಟಕಿಯಿಂದ ನೋಡಿದೆ. ಅವರು ಅಕ್ಕನ ಬಾಗಿಲು ತಟ್ಟಿದರು. ಅಕ್ಕ ಬಾಗಿಲು ತೆರೆಯದೆ ಕಿಟಕಿಯ ಪರದೆ ಸರಿಸಿದರು.

"ಯಾರು ಬೇಕಿತ್ತು?"

"ನಾನು ಕಣೇ."

"ಈ ಮನೆಯಲ್ಲಿ ನಿಮ್ಮೋರು ಯಾರೂ ಇಲ್ಲ."

"ಅವ್ವನ ವಿಷ್ಯಕ್ಕೆ ನಾನು ಮಾಡಿದ್ದು ತಪ್ಪು. ಹೇಳಿ ಹೋಗಣ ಅಂತ ಬಂದೆ."

"ಹೇಳಿದ್ರಲ್ಲ. ಹೋಗಿ."

ಪರದೆ ಮುಚ್ಚಿತು. ಅವರು ಚೀಲವನ್ನು ಬಾಗಿಲ ಹಿಡಿಕೆಗೆ ಸಿಕ್ಕಿಸಿದರು. ನಾನು ಹೊರಗೆ ಹೋಗಿ "ಒಳಗೆ ಬನ್ನಿ, ಊಟ ಮಾಡ್ಕಂಡು ಹೋಗಿ" ಅಂದೆ. ಅವರು ನನ್ನನ್ನು ನೋಡಿದ ನೋಟಕ್ಕೆ ನಾನು ಮೆಟ್ಟಿಲು ಇಳಿಯಲಿಲ್ಲ.

"ಒಂದೇ ಒಂದು ಮಾತು ಕೇಳಿದ್ದೆ ನಿಮ್ಮ ಹತ್ರ," ಅಂದರು. ಬಸ್‌ಸ್ಟ್ಯಾಂಡಿನ ಕಡೆ ನಡೆದು ಹೋದರು.

ಸಂಜೆಯವರೆಗೂ ಆ ಚೀಲ ಹಿಡಿಕೆಯಲ್ಲೇ ಇತ್ತು. ಮರುದಿನ ಬೆಳಿಗ್ಗೆ ಇರಲಿಲ್ಲ. ಅಕ್ಕ ಒಳಗೆ ತೆಗೆದುಕೊಂಡರೋ, ಬೀದಿ ದನಕ್ಕೆ ಹಾಕಿದರೋ ಗೊತ್ತಿಲ್ಲ.

ಈ ವರ್ಷ ಬೇಸಿಗೆಯಲ್ಲಿ ಅಕ್ಕ ತಾವೇ ವರ್ಗ ಕೇಳಿಕೊಂಡು ತಾಳಗುಪ್ಪದ ಕಡೆಯ ಹಾಸ್ಟೆಲಿಗೆ ಹೋದರು. ಅಲ್ಲೇ ಅಡುಗೆಯವರಿಗೆ ಒಂದು ಕೋಣೆ ಕೊಡುತ್ತಾರಂತೆ. ಹೊರಡುವ ದಿನ ಆಟೋ ಬಂದು ನಿಂತಿತ್ತು. ಎರಡು ಟ್ರಂಕು, ಒಂದು ಹಾಸಿಗೆ ಸುರುಳಿ, ಪಾತ್ರೆಯ ಗೋಣಿಚೀಲ. ನನ್ನ ಗಂಡ ಟ್ರಂಕುಗಳನ್ನು ಎತ್ತಿಟ್ಟರು. ನಾನು ಗೋಣಿಚೀಲಕ್ಕೆ ಕೈ ಹಾಕಿ ಅಂಗಳದವರೆಗೆ ಹೊತ್ತು ತಂದೆ. ಅಕ್ಕ ನನ್ನ ಕೈಯಿಂದ ಚೀಲ ಇಳಿಸಿಕೊಂಡು ನೆಲದ ಮೇಲೆ ಇಟ್ಟರು. ನಾನು ಕೈ ತೆಗೆದು ಹಿಂದೆ ಸರಿದೆ. ಆಮೇಲೆ ಅವರೇ ಅದನ್ನು ಎತ್ತಿ, ಸೊಂಟಕ್ಕೆ ಒರಗಿಸಿಕೊಂಡು ಆಟೋದವರೆಗೆ ಹೋದರು. ಮೈದುನನಿಗೆ "ಬರ್ತೀನಪ್ಪ" ಅಂದರು. ನನ್ನ ಕಡೆ ತಿರುಗಲಿಲ್ಲ.

ನಾನು ಗೇಟು ಹಾಕಿ ಅಂಗಡಿಗೆ ಹೋದೆ. ಸಂಜೆಯೊಳಗೆ ಮೂರು ಬ್ಲೌಸಿಗೆ ಹುಕ್ಕು ಹಾಕಿ ಕೊಡಬೇಕಿತ್ತು. ಮೊದಲನೆಯದಕ್ಕೆ ಹುಕ್ಕುಗಳನ್ನೆಲ್ಲ ತಪ್ಪು ಬದಿಗೆ ಹೊಲಿದು, ಮತ್ತೆ ಕೂತು ಬಿಚ್ಚಿದೆ.